ನೆಲಕ್ಕೊಪ್ಪುವ ವಿದ್ಯಾಮಂದಿರ

ಇಂಡಿ ತಾಲ್ಲೂಕಿನ ಸಾಲೋಟಗಿ ಹೆಚ್ಚು ಜನಕ್ಕೆ ಪರಿಚಯವಿರುವ ಊರಲ್ಲ. ಇತಿಹಾಸದ ವಿದ್ಯಾರ್ಥಿಗಳು ಮಾತ್ರ ಅದರ ಹೆಸರನ್ನು ಪರೀಕ್ಷೆಯ ಭಯದಿಂದ ಬಾಯಿಪಾಠ ಮಾಡಿರುತ್ತಾರೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನೆಂಬಾತ ಅಲ್ಲೊಂದು ಶಾಲೆಯನ್ನು ಕಟ್ಟಿಸಿದ. ಕ್ರಿ. ಶ. 945ರ ಶಾಸನವು ಆ ಶಾಲೆಗೆ ಬಿಟ್ಟ ದತ್ತಿಗಳನ್ನು ಲೆಕ್ಕವಿಟ್ಟು ಹೇಳುತ್ತದೆ: ಶಾಲೆಗೆ 500 ನಿವರ್ತನ ಭೂಮಿ, ದೀಪಗಳಿಗಾಗಿ 12 ನಿವರ್ತನ, ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ಇದನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ಒಪ್ಪಿಸಿದ್ದೇನೆ. ರಾಜ ಯಾರು, ಮಂತ್ರಿ ಯಾರು, ಶಕ ವರ್ಷ ಯಾವುದು ಎಂದು ಕೇಳಿ ಅಂಕ ಕೊಟ್ಟಿದ್ದೇನೆ. ಆದರೆ ಆ ಹನ್ನೆರಡು ನಿವರ್ತನದ ಮುಂದೆ ನಾನು ಒಂದು ಗಳಿಗೆಯೂ ನಿಂತವನಲ್ಲ. ಶಾಲೆಯ ದೀಪಕ್ಕೆ ಬೇಕಾದ ಎಣ್ಣೆ ಶಾಲೆಯ ನೆಲದ ಹುಟ್ಟುವಳಿಯಿಂದಲೇ ಒದಗಬೇಕು ಎಂದು ಆ ಮಂತ್ರಿ ಎಣಿಸಿದನಲ್ಲ, ಅದು ಎಂಥ ದೂರದೃಷ್ಟಿ ಎಂಬುದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ. ಅದಕ್ಕೆ ಕಾರಣವೂ ಇದೆ. ಆ ಕಾರಣ ಅಷ್ಟೇನೂ ಹೆಮ್ಮೆಯದಲ್ಲ.

ನಾನು ಪಾಠ ಹೇಳಿದ್ದು ಬಯಲುಸೀಮೆಯ ಒಂದು ಊರಿನ ಕಾಲೇಜಿನಲ್ಲಿ. ಊರಿನ ಹೆಸರು ಬೇಡ. ಕಾಲೇಜಿನ ಹಳೆಯ ಕಟ್ಟಡಕ್ಕೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಸುತ್ತಲೂ ಕಂಬಗಳ ಕೈಸಾಲೆ, ನಡುವೆ ಚೌಕದ ಅಂಗಳ. ಅಂಗಳದಲ್ಲಿ ಎರಡು ಹೊಂಗೆ, ಒಂದು ಬೇವು, ಮೂಲೆಯಲ್ಲಿ ಒಂದು ಸೇದುವ ಬಾವಿ. ಚೈತ್ರದಲ್ಲಿ ಹೊಂಗೆ ಚಿಗುರಿತೆಂದರೆ ತರಗತಿಯೊಳಗೇ ಹಸಿರು ಬೆಳಕು ಹರಡುತ್ತಿತ್ತು. 1986ರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿತೆಂದು ಹೊಸ ಕಟ್ಟಡದ ಮಾತು ಬಂದಿತು. ಅದಕ್ಕೊಂದು ಸಮಿತಿ, ಆ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ನೀಲಿ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಕೊಠಡಿಗಳನ್ನು ಎಣಿಸಿದೆವು, ಎಣಿಕೆ ಸರಿಯಾಗಿತ್ತು, ಕಾಫಿ ಬಂದಿತು, ರುಜು ಹಾಕಿದೆವು. ಹೊಂಗೆಗಳೂ ಬೇವೂ ಉರುಳಿದವು. ಬಾವಿಯನ್ನು ಹಳೆಯ ಗೋಡೆಯೊಂದರ ಮಣ್ಣುಕಲ್ಲು ತುಂಬಿ ಮುಚ್ಚಿದರು. ಗಂಟೆ ಹೊಡೆಯುವ ಜವಾನನೊಬ್ಬನಿಗೆ ಮಾತ್ರ ಅದು ಹಿಡಿಸಲಿಲ್ಲ. "ಬಾವಿ ಮುಚ್ಚಬ್ಯಾಡ್ರಿ ಸಾರ್, ನೀರು ಮುನಿಸ್ಕಂತೈತೆ" ಎಂದು ನನ್ನಲ್ಲಿ ಬಂದು ಹೇಳಿದ. ನಾನು ನಕ್ಕೆ.

ಹೊಸ ಕಟ್ಟಡದ ಉದ್ದದ ಮೈ ಪಡುವಣಕ್ಕೆ ಮುಖಮಾಡಿತ್ತು. ಗೋಡೆ ತೆಳು, ತಾರಸಿ ಬರಿಯ ಕಾಂಕ್ರೀಟು, ಕಿಟಕಿಗಳಿಗೆ ಅಗಲವಾದ ಗಾಜು. ಮಧ್ಯಾಹ್ನ ಮೂರು ಗಂಟೆಗೆ ವಿಜಯನಗರದ ಪತನವನ್ನು ವಿವರಿಸುತ್ತ ತಲೆಯೆತ್ತಿ ನೋಡಿದರೆ ಅರ್ಧ ತರಗತಿ ಬೆವರುತ್ತಿರುತ್ತಿತ್ತು, ಉಳಿದರ್ಧ ನಿದ್ರಿಸುತ್ತಿರುತ್ತಿತ್ತು. ಹುಡುಗರ ಸೋಮಾರಿತನವೆಂದು ಅವರನ್ನು ಗದರಿದ್ದುಂಟು. ಸೂರ್ಯ ಎಲ್ಲಿದ್ದಾನೆಂದು ನೋಡಲಿಲ್ಲ. ಕೆಲವು ವರ್ಷಗಳಲ್ಲಿ ಬೇಸಿಗೆಗೆ ನೀರಿನ ಟ್ಯಾಂಕರು ಬರತೊಡಗಿತು.

ಒಂದು ವಿದ್ಯಾಸಂಸ್ಥೆ ತಾನು ನಿಂತ ನೆಲದೊಡನೆ ಹೇಗೆ ಬಾಳಬೇಕು ಎಂಬ ಕುತೂಹಲ ನನ್ನಲ್ಲಿ ಹುಟ್ಟಿದ್ದು ಹೀಗೆ, ಮಾಡಿದ ತಪ್ಪಿನ ಜಾಡು ಹಿಡಿದು. ನಾನು ವಾಸ್ತುಶಿಲ್ಪಿಯಲ್ಲ. ನೋಡಿದ್ದನ್ನು, ಓದಿದ್ದನ್ನು, ಇತಿಹಾಸದ ಮೇಷ್ಟ್ರಿಗೆ ಒಗ್ಗಿದ ರೀತಿಯಲ್ಲಿ ಹೇಳುತ್ತೇನೆ.

ಮೊದಲು ಬೆಂಗಳೂರು. ಜಮಷೇಟ್‌ಜಿ ಟಾಟಾ ಅವರ ಕನಸಿನ ವಿಜ್ಞಾನಮಂದಿರ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಬಂದಾಗ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನು ಕೊಟ್ಟಿತು. ಟಾಟಾ 1904ರಲ್ಲೇ ತೀರಿಕೊಂಡಿದ್ದರು; ಭಾರತೀಯ ವಿಜ್ಞಾನ ಸಂಸ್ಥೆ ವಿಧಿವತ್ತಾಗಿ ಹುಟ್ಟಿದ್ದು 1909ರಲ್ಲಿ; ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟದ್ದು 1911ರಲ್ಲಿ. ಮುಂಬಯಿಯ ಸಿ. ಎಫ್. ಸ್ಟೀವನ್ಸ್ ರಚಿಸಿದ ಮುಖ್ಯ ಕಟ್ಟಡ ಬೂದುಬಣ್ಣದ ಗ್ರಾನೈಟಿನದು. ಅದರ ಗೋಪುರವನ್ನು ಕಂಡವರೆಲ್ಲ ಮೆಚ್ಚುತ್ತಾರೆ. ನನ್ನ ಮೆಚ್ಚುಗೆ ಅಷ್ಟು ಎತ್ತರಕ್ಕೆ ಏರುವುದಿಲ್ಲ; ಅದು ನೆಲದ ಮೇಲೆಯೇ, ಮರಗಳ ಬುಡದಲ್ಲಿಯೇ ನಿಲ್ಲುತ್ತದೆ. ಆ ದಿನಗಳಲ್ಲಿ ಅದು ಊರಾಚೆಯ ಬಯಲು. ಇಂದು ಆ ಆವರಣ ಹೊಕ್ಕರೆ ಹೊರಗಿನ ರಸ್ತೆಯ ಉರಿ ಬೆನ್ನ ಹಿಂದೆ ಉಳಿಯುತ್ತದೆ. ಒಳಗಿನ ರಸ್ತೆಗಳಿಗೆ ಇಟ್ಟಿರುವ ಹೆಸರುಗಳೂ ಮರಗಳವೇ: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ, ತಾಳ ಮಾರ್ಗ, ನೀಲಗಿರಿ ಮಾರ್ಗ. ದೊಡ್ಡವರ ಹೆಸರಿಡುವುದಕ್ಕಿಂತ ಇದು ಎಷ್ಟೋ ಲೇಸು. ಮರಗಳು ಜಯಂತಿ ಮಾಡಿಸಿಕೊಳ್ಳುವುದಿಲ್ಲ.

ಅದೇ ಕಾಲದಲ್ಲಿ, ಅಂದರೆ 1908ರಲ್ಲಿ, ಸಂಸ್ಥಾನದ ತೋಟಗಳ ಮೇಲ್ವಿಚಾರಣೆಗೆ ಜರ್ಮನಿಯ ಕ್ರುಂಬಿಗಲ್ ಬಂದರು. ಒಂದು ಮರದ ಹೂವು ಉದುರುವಾಗ ಇನ್ನೊಂದು ಜಾತಿಯ ಮರ ಅರಳುವಂತೆ ಬೀದಿಗಳಿಗೆ ಸಸಿ ಆರಿಸಿದವರು ಅವರು. ಬೆಂಗಳೂರಿಗೆ ವರ್ಷವಿಡೀ ಹೂ ಮುಡಿಸಿದ ಕೀರ್ತಿ ಆ ಕ್ರಮಕ್ಕೆ ಸೇರಬೇಕು. ಒಂದು ಮಾತು ಮಾತ್ರ ಹೇಳದೆ ಇರಲಾರೆ. ಗುಲ್‌ಮೊಹರ್ ಮಡಗಾಸ್ಕರಿನದು, ಮಹಾಗನಿ ಅಮೆರಿಕದ್ದು, ನೀಲಗಿರಿ ಆಸ್ಟ್ರೇಲಿಯದ್ದು. ಅಂದು ನೆರಳು ಕೊಡಲು ಬಂದವರಲ್ಲಿ ಬಹುಮಂದಿ ನೆಂಟರು. ವಿಜ್ಞಾನ ಸಂಸ್ಥೆಗೇ ಇದು ಹೊಳೆಯದೆ ಇರಲಿಲ್ಲ. ಅಲ್ಲಿ 1983ರಲ್ಲಿ ಪರಿಸರ ವಿಜ್ಞಾನದ ಕೇಂದ್ರ ಹುಟ್ಟಿತು. ಆ ದಶಕದಲ್ಲಿಯೇ ಆವರಣದ ಒಂದು ತುಂಡಿನಲ್ಲಿ ಪಶ್ಚಿಮಘಟ್ಟದ ಜಾತಿಗಳನ್ನು ನೆಟ್ಟು ಕಿರುಕಾಡೊಂದನ್ನು ಎಬ್ಬಿಸಿದರು. ಕಾಡುಪಾಪ ಎಂಬ ನಿಶಾಚರ ಪ್ರಾಣಿ, ದೊಡ್ಡ ದೊಡ್ಡ ಕಣ್ಣಿನ ಆ ಬಡಪಾಯಿ, ಮಹಾನಗರದ ಮಧ್ಯೆ ಆ ಆವರಣದ ಮರಗಳಲ್ಲಿ ಬದುಕಿಕೊಂಡಿದೆ. ಮರದ ಕೊಂಬೆ ಇನ್ನೊಂದು ಮರದ ಕೊಂಬೆಗೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಹೊಸ ಕಟ್ಟಡವೊಂದಕ್ಕೆ ಸಾಲಿನ ನಡುವಿನ ಎರಡು ಮರ ಕಡಿದರೆ ನಮಗೆ ಹೋಗುವುದು ಎರಡು ಮರ. ಅದಕ್ಕೆ ಹೋಗುವುದು ಸೇತುವೆ.

ಈ ಆವರಣದ ಕಥೆಯಲ್ಲಿ ನನ್ನನ್ನು ಬಹಳವಾಗಿ ಸೆಳೆದವರು ಆಟೋ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಜರ್ಮನಿಯಿಂದ ಹೊರಬಿದ್ದು, ಈಜಿಪ್ಟಿನಲ್ಲಿ ಕೆಲಕಾಲ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಳಿಯ ಈತ. ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935ರಲ್ಲಿ ಬಾರ್ನ್ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಸೋದರಮಾವ ಪಾಠ ಹೇಳಿದ ಆವರಣದಲ್ಲಿ ಅಳಿಯ ಗೋಡೆ ಎಬ್ಬಿಸಿದ. ವಿಮಾನಶಾಸ್ತ್ರ, ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳನ್ನೂ ವಿದ್ಯಾರ್ಥಿಗಳ ಭೋಜನಶಾಲೆಯನ್ನೂ 1940ರ ದಶಕದಲ್ಲಿ ಅವರು ರಚಿಸಿದರು. ಯುದ್ಧಕಾಲ, ಉಕ್ಕು, ಸಿಮೆಂಟು ಎರಡಕ್ಕೂ ಕ್ಷಾಮ. ಕೈಗೆ ಸಿಕ್ಕುವ ಕಲ್ಲನ್ನೇ ನೆಚ್ಚಬೇಕಾಗಿತ್ತು. ಯುರೋಪಿನಲ್ಲಿ ಕಲಿತುಬಂದ ಹೊಸ ವಾಸ್ತುಶಿಲ್ಪ ಬಿಸಿಲನ್ನು ಒಳಕ್ಕೆ ಕರೆಯುವಂಥದು, ಏಕೆಂದರೆ ಅಲ್ಲಿ ಬಿಸಿಲು ಬಂಗಾರ. ಇಲ್ಲಿ ಅದನ್ನು ಹೊರಗೆ ನಿಲ್ಲಿಸಿ ಬೆಳಕನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಕು, ಗಾಳಿ ಕೋಣೆಯ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡಬೇಕು. ಈ ಪಾಠವನ್ನು ಅವರು ನಮ್ಮ ನೆಲದಲ್ಲಿ ಕಲಿತರು. ಮುಂದೆ ಲಂಡನ್ನಿಗೆ ಹೋಗಿ, ಉಷ್ಣವಲಯದ ವಾಸ್ತುಶಿಲ್ಪವೆಂಬ ವಿಷಯವನ್ನೇ ಅಲ್ಲಿಯ ವಿದ್ಯಾರ್ಥಿಗಳಿಗೆ ಬೋಧಿಸಿದರು. 1999ರಲ್ಲಿ ನಿಧನರಾದರು. ಅವರ ಪುಸ್ತಕ ಓದಿ ಪದವಿ ಪಡೆದವರು ನಮ್ಮಲ್ಲಿಯೂ ಇದ್ದಾರೆ. ನಮ್ಮ ಊರಿನ ಬಿಸಿಲಿನ ಪಾಠ ಲಂಡನ್ನಿಗೆ ಹೋಗಿ ಅಚ್ಚಾಗಿ ನಮ್ಮಲ್ಲಿಗೇ ಬಂದಿತು.

ಬಿಸಿಲಿನ ಆ ಪಾಠವೇನೂ ಗಹನವಲ್ಲ. ಬೆಳಗಿನ, ಸಂಜೆಯ ಸೂರ್ಯ ದಿಗಂತಕ್ಕೆ ಹತ್ತಿರ ಇರುತ್ತಾನೆ. ಅವನ ಕಿರಣ ಓರೆಯಾಗಿ ಸೂರಿನ ಕೆಳಗಿನಿಂದ ನುಗ್ಗುತ್ತದೆ. ಎಷ್ಟು ಸೂರು ಚಾಚಿದರೂ ಪಡುವಣ ಗೋಡೆಯನ್ನು ಕಾಪಾಡುವುದು ಕಷ್ಟ. ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುವುದರಿಂದ ತೆಂಕಣ, ಬಡಗಣ ಗೋಡೆಗಳಿಗೆ ಎರಡು ಮೂರು ಅಡಿಯ ಚಾಚು ಇದ್ದರೂ ನೆರಳು ಬೀಳುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುಭಾಗದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಬಡಗಣ ಗೋಡೆಗೂ ಸೂರು ಬೇಕು. ಕಟ್ಟಡದ ಉದ್ದದ ಮೈಗಳು ತೆಂಕು ಬಡಗಿಗೆ, ಗಿಡ್ಡ ಮೈಗಳು ಮೂಡು ಪಡುವಿಗೆ. ಇಷ್ಟೇ. ನಕ್ಷೆಯನ್ನು ಮೇಜಿನ ಮೇಲೆ ಕಾಲು ಸುತ್ತು ತಿರುಗಿಸಿದ್ದರೆ ನನ್ನ ಮೂರು ಗಂಟೆಯ ತರಗತಿ ಎಚ್ಚರವಾಗಿರುತ್ತಿತ್ತು. ಅದಕ್ಕೆ ಕಾಸು ಖರ್ಚಿಲ್ಲ.

ನಾನೇ ಎಂ. ಎ. ಓದಿದ್ದು 1960ರ ದಶಕದ ಕೊನೆಯಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಆ ಹೆಸರನ್ನಿತ್ತವರು ಕುವೆಂಪು. ಆವರಣದ ಮಗ್ಗುಲಿಗೆ ಕುಕ್ಕರಹಳ್ಳಿ ಕೆರೆ; ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ್ದು. ಕುವೆಂಪು ನಡೆದಾಡಿದ ಏರಿಯ ಮೇಲೆ ನಾವೂ ಸಂಜೆಗೊಮ್ಮೆ ನಡೆದು ಕವಿಗಳಾದೆವೆಂದು ಭಾವಿಸಿದ್ದೆವು. ಕೆರೆಗೆ ನೀರು ಎಲ್ಲಿಂದ ಬರುತ್ತದೆಂದು ಯಾರೂ ಕೇಳಲಿಲ್ಲ. ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ನಗರ ಬೆಳೆದಂತೆಲ್ಲ ಒತ್ತುವರಿಯಾಗುತ್ತ ಬಂದಿತೆಂಬುದನ್ನು ಬಹುಕಾಲದ ಮೇಲೆ ತಿಳಿದೆ. ವಿದ್ಯಾಸಂಸ್ಥೆಯ ನೆಲ ಅದರ ಕಾಂಪೌಂಡಿನಲ್ಲಿ ಮುಗಿಯುವುದಿಲ್ಲ. ಮಳೆನೀರಿಗೆ ಕಾಂಪೌಂಡು ತಿಳಿಯದು.

ಇನ್ನು ತಿರುವನಂತಪುರ. ಕೇಳುಗರು ಕ್ಷಮಿಸಬೇಕು, ಈ ಊರಿನಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. 1990ರ ದಶಕದಲ್ಲಿ ಒಂದು ವಿಚಾರಸಂಕಿರಣಕ್ಕೆ ಅಲ್ಲಿಗೆ ಹೋಗಿದ್ದಾಗ ಗೆಳೆಯರೊಬ್ಬರು ಉಳ್ಳೂರಿನಲ್ಲಿರುವ ಅಭಿವೃದ್ಧಿ ಅಧ್ಯಯನ ಕೇಂದ್ರಕ್ಕೆ ಕರೆದೊಯ್ದರು. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಕಟ್ಟಿ ಬೆಳೆಸಿದ ಸಂಸ್ಥೆ ಅದು, ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೇನೋನ್ ಅವರ ಬೆಂಬಲದಿಂದ 1970ರ ಸುಮಾರಿಗೆ ಹುಟ್ಟಿದ್ದು. ಬಡತನವನ್ನು ಅಧ್ಯಯನ ಮಾಡುವವರು ಅರಮನೆಯಲ್ಲಿ ಕೂರಬಾರದೆಂದೋ ಏನೋ, ರಾಜ್ ಅದರ ನಿರ್ಮಾಣವನ್ನು ಲಾರಿ ಬೇಕರ್ ಅವರಿಗೆ ವಹಿಸಿದರು.

ಬೇಕರ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು, 1917ರಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಚೀನಾದಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಹಿಂತಿರುಗುವಾಗ ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಯಿತು. ಅಲ್ಲಿ ಗಾಂಧೀಜಿಯ ಭೇಟಿ. ಬೇಕರ್ ತೊಟ್ಟಿದ್ದ ಚಿಂದಿಬಟ್ಟೆಯ ಕೈಕೆಲಸದ ಪಾದರಕ್ಷೆ ಗಾಂಧೀಜಿಯ ಕಣ್ಣಿಗೆ ಬಿತ್ತಂತೆ, ಮಾತು ಬೆಳೆಯಿತು. ಒಳ್ಳೆಯ ಮನೆಯೆಂದರೆ ಅದರ ಸಾಮಗ್ರಿ ಐದು ಮೈಲಿಯ ಸುತ್ತಳತೆಯೊಳಗೆ ದೊರೆಯುವಂಥದಾಗಿರಬೇಕು ಎಂಬ ಅರ್ಥದ ಮಾತನ್ನು ಗಾಂಧೀಜಿ ಅಂದು ಆಡಿದರೆಂದು ಬೇಕರ್ ಕೊನೆಯವರೆಗೂ ನೆನೆಯುತ್ತಿದ್ದರು. ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿಥೋರಾಗಢದಲ್ಲಿ ಹದಿನಾರು ವರ್ಷ ನೆಲೆಸಿದರು. ಅಲ್ಲಿನ ರೈತರು ಮನೆ ಕಟ್ಟುವುದನ್ನು ನೋಡುತ್ತ ನೋಡುತ್ತ ತಾವು ಕಾಲೇಜಿನಲ್ಲಿ ಓದಿದ್ದನ್ನು ಒಂದೊಂದಾಗಿ ಮರೆತರು. ನಕ್ಷೆಗಳನ್ನು ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದ ಮನುಷ್ಯ.

ಹತ್ತು ಎಕರೆಯ ಆ ಜಾಗ ಏರಿಳಿತದ ದಿಣ್ಣೆ, ತುಂಬ ಮರ. ನಮ್ಮ ಸಮಿತಿಯಂಥದಕ್ಕೆ ಸಿಕ್ಕಿದ್ದರೆ ಮೊದಲು ದಿಣ್ಣೆಯನ್ನು ಸಮ ಮಾಡಿ, ಮರಗಳನ್ನು ಹರಾಜು ಹಾಕಿ, ಆಮೇಲೆ ಗಿಡ ನೆಡುವ ಸಮಾರಂಭ ಇಟ್ಟುಕೊಳ್ಳುತ್ತಿದ್ದೆವು. ಬೇಕರ್ ನೆಲದ ಇಳಿಜಾರನ್ನು ಇದ್ದಂತೆಯೇ ಉಳಿಸಿಕೊಂಡು ಕಟ್ಟಡಗಳನ್ನೇ ಮೆಟ್ಟಿಲುಮೆಟ್ಟಿಲಾಗಿ ಕೂರಿಸಿದರು. ಮರ ಅಡ್ಡ ಬಂದಲ್ಲಿ ಗೋಡೆ ಬಾಗಿ, ಮರವನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ದೊಡ್ಡವರು ಎದುರಾದರೆ ಸರಿದು ದಾರಿ ಬಿಡುವ ಹಳ್ಳಿಯ ಹುಡುಗನ ನಡೆ ಅದು. ನಡುವೆ ಏಳು ಅಂತಸ್ತಿನ ದುಂಡು ಗ್ರಂಥಾಲಯ. ಗೋಡೆಗಳಿಗೆ ಗಾರೆಯಿಲ್ಲ, ಬಣ್ಣವಿಲ್ಲ. ಇಟ್ಟಿಗೆ ತನ್ನ ಕೆಂಪಿನಲ್ಲಿಯೇ ನಿಂತಿದೆ. ಕಿಟಕಿ ಇರಬೇಕಾದ ಎಷ್ಟೋ ಕಡೆ ಕಿಟಕಿಯೇ ಇಲ್ಲ. ಇಟ್ಟಿಗೆಗಳ ನಡುವೆ ತೆರಪು ಬಿಟ್ಟು ಕಟ್ಟಿದ ಜಾಲರಿ ಗೋಡೆ, ನಮ್ಮ ಬೇಲೂರಿನವರು ಜಾಲಂಧ್ರ ಎನ್ನುತ್ತಿದ್ದರಲ್ಲ, ಅದೇ. ಗಾಳಿಗೆ ತಡೆಯಿಲ್ಲ, ಬಿಸಿಲು ಮಾತ್ರ ಚೂರುಚೂರಾಗಿ ಸೋಸಿ ಬರುತ್ತದೆ. ಒಂದು ಬೆಂಚಿನ ಮೇಲೆ ಕುಳಿತು ಪುಸ್ತಕ ತೆರೆದೆ. ಪುಟದ ಮೇಲೆ ಸಣ್ಣ ಸಣ್ಣ ಬೆಳಕಿನ ಚೌಕಗಳು ಬಿದ್ದಿದ್ದವು. ಪಂಖ ಎಲ್ಲಿದೆಯೆಂದು ತಲೆಯೆತ್ತಿ ನೋಡುವ ನೆನಪೇ ನನಗಾಗಲಿಲ್ಲ.

ಅವರ ಉಳಿತಾಯದ ಗುಟ್ಟುಗಳನ್ನು ಗೆಳೆಯರು ತೋರಿಸಿ ಹೇಳಿದರು. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ಎರಡು ಸಾಲಿನ ನಡುವೆ ಟೊಳ್ಳು ಬಿಟ್ಟು ಕಟ್ಟುವುದು ಒಂದು. ಅದಕ್ಕೆ ಇಲಿಬೋನಿನ ಜೋಡಣೆ ಎಂದೇ ಹೆಸರು. ನಾಲ್ಕು ಇಟ್ಟಿಗೆಯ ಜಾಗದಲ್ಲಿ ಮೂರು ಸಾಕು, ಮೇಲಾಗಿ ಟೊಳ್ಳಿನೊಳಗಿನ ಗಾಳಿ ಹೊರಗಿನ ಕಾವನ್ನು ಒಳಕ್ಕೆ ದಾಟಗೊಡುವುದಿಲ್ಲ. ತೆಳುವಾದ ಗೋಡೆ ನೇರವಾಗಿದ್ದರೆ ಬೀಳುತ್ತದೆ, ಅಂಕುಡೊಂಕಾಗಿದ್ದರೆ ನಿಲ್ಲುತ್ತದೆ. ಅವರ ಸುಳಿಸುಳಿ ಗೋಡೆಗಳ ಚೆಲುವಿನ ಹಿಂದೆ ಇದ್ದದ್ದು ಈ ಲೆಕ್ಕ. ಇನ್ನೊಂದು ಉಪಾಯದಿಂದ ನನಗೆ ವಿಶೇಷ ಸಂತೋಷವಾಯಿತು. ತಾರಸಿಯ ಕಾಂಕ್ರೀಟಿನಲ್ಲಿ ಭಾರ ಹೊರುವ ಕೆಲಸ ಮಾಡುವುದು ಮೇಲಿನ ಪದರ ಮತ್ತು ಕೆಳಗಿನ ಉಕ್ಕಿನ ಸರಳು. ಸರಳುಗಳ ನಡುವಿನ ಕೆಳಭಾಗದ ಕಾಂಕ್ರೀಟು ಸುಮ್ಮನೆ ತೂಕವಾಗಿ ಕುಳಿತಿರುತ್ತದೆ. ಆ ಸೋಮಾರಿ ಕಾಂಕ್ರೀಟನ್ನು ತೆಗೆದು ಅದರ ಜಾಗದಲ್ಲಿ ಬೇಕರ್ ಬಳಸಿದ್ದು ಬಿಸಾಡಿದ ಹಳೆಯ ಮಂಗಳೂರು ಹೆಂಚುಗಳನ್ನು! 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಸುಡಲು ಆರಂಭಿಸಿದ ಹೆಂಚು, ನಮ್ಮ ಕಾಲೇಜಿನ ಹಳೆಯ ಕಟ್ಟಡದಿಂದ ನಾವು ಇಳಿಸಿ ರದ್ದಿಯ ಬೆಲೆಗೆ ಮಾರಿದ ಹೆಂಚು, ಅಲ್ಲಿ ತಾರಸಿಯೊಳಗೆ ಗೌರವದಿಂದ ಮಲಗಿತ್ತು. ಗಣಕಯಂತ್ರದ ಕೇಂದ್ರಕ್ಕೆ ಎರಡು ಪದರದ ಗೋಡೆ, ಹೊರಗಿನದು ಜಾಲರಿ, ಒಳಗಿನದು ಗಟ್ಟಿ. ಯಂತ್ರಕ್ಕೆ ತಂಪು ಬೇಕೇಬೇಕಾದರೂ ಬಿಸಿಲಿನೊಡನೆ ಹೋರಾಡುವ ಮೊದಲ ಕೆಲಸ ಗೋಡೆಯದು, ಆಮೇಲೆ ವಿದ್ಯುತ್ತಿನದು.

ಬೇಕರ್ 2007ರಲ್ಲಿ ತಿರುವನಂತಪುರದಲ್ಲಿಯೇ ತೀರಿಕೊಂಡರು, ಭಾರತದ ಪ್ರಜೆಯಾಗಿ. ಅವರ ಇಟ್ಟಿಗೆಗೆ ಒಂದು ಮಿತಿ ಇದೆಯೆಂಬುದನ್ನೂ ಹೇಳಬೇಕು. ಇಟ್ಟಿಗೆಯನ್ನು ಸುಡಬೇಕು, ಸುಡಲು ಸೌದೆಯೋ ಕಲ್ಲಿದ್ದಲೋ ಬೇಕು. ಈ ಕಡೆಗೆ ಯೋಚಿಸಿದವರು ಮತ್ತೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೇ. ಸತೀಶ್ ಧವನ್ ನಿರ್ದೇಶಕರಾಗಿದ್ದ 1974ರಲ್ಲಿ, ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ, ಹಳ್ಳಿಗಾಡಿಗೆ ವಿಜ್ಞಾನವನ್ನು ಒಯ್ಯುವ ಅಸ್ತ್ರ ಎಂಬ ಕೇಂದ್ರ ಅಲ್ಲಿ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅವರ ಪ್ರಯೋಗಭೂಮಿ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಮರಳನ್ನೂ ತುಸುವೇ ಸಿಮೆಂಟನ್ನೂ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಗೊಳಿಸುವ ಇಟ್ಟಿಗೆಯನ್ನು ರೂಢಿಗೆ ತಂದರು. ಆವಿಗೆಯ ಹಂಗಿಲ್ಲ; ಪಾಯ ತೋಡಿದ ಮಣ್ಣೇ ಗೋಡೆಯಾಗಬಲ್ಲದು. ಮಣ್ಣಿನ ಮನೆಯೆಂದರೆ ಬಡವರ ಮನೆ ಎಂಬ ನಮ್ಮ ಅಭಿಮಾನ ಅದಕ್ಕೆ ಅಡ್ಡ ನಿಂತಷ್ಟು ಮಳೆಗಾಲವೂ ನಿಂತಿಲ್ಲ.

ಬೆಂಗಳೂರಿನಲ್ಲಿಯೇ, ಬನ್ನೇರುಘಟ್ಟ ರಸ್ತೆಯ ನೂರು ಎಕರೆಯಲ್ಲಿ, 1973ರಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವಿದೆ. ಬಾಲಕೃಷ್ಣ ದೋಷಿ ಅದರ ವಾಸ್ತುಶಿಲ್ಪಿ. ಪ್ಯಾರಿಸ್ಸಿನಲ್ಲಿ ಲ ಕಾರ್ಬ್ಯುಸಿಯೆ ಬಳಿ ಕೆಲಸ ಮಾಡಿ ಬಂದವರು ಅವರು, 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಾಗ ಅದನ್ನು ಪಡೆದ ಮೊದಲ ಭಾರತೀಯ, 2023ರಲ್ಲಿ ಅಗಲಿದರು. ಇಲ್ಲಿ ಫತೇಪುರ ಸಿಕ್ರಿಯ ಅಂಗಳಗಳನ್ನೂ ಮಧುರೆಯ ಗುಡಿಯ ಪ್ರಾಕಾರಗಳನ್ನೂ ನೆನೆದು ಅವರು ಕಟ್ಟಿದ್ದು ಸ್ಥಳೀಯ ಗ್ರಾನೈಟಿನಲ್ಲಿ. ಆ ಆವರಣದ ಜೀವ ಇರುವುದು ಕೊಠಡಿಗಳಲ್ಲಲ್ಲ, ಓಣಿಗಳಲ್ಲಿ. ಒಂದು ಕಡೆ ಮೇಲೆ ಚಾವಣಿ, ಒಂದು ಕಡೆ ಬರಿಯ ತೊಲೆಗಳ ಚಪ್ಪರ, ಅದರ ಮೇಲೆ ಬಳ್ಳಿ, ಇನ್ನೊಂದು ಕಡೆ ತೆರೆದ ಆಕಾಶ. ಮೂರು ಅಂತಸ್ತಿನಷ್ಟು ಎತ್ತರದ ಆ ಓಣಿಗಳಲ್ಲಿ ನಡೆಯುವಾಗ ಗಂಟೆಗಂಟೆಗೂ ನೆರಳಿನ ಚಿತ್ತಾರ ಬೇರೆ. ಬೆಂಗಳೂರಿನಂಥ ಹವೆಯಲ್ಲಿ ಮನುಷ್ಯ ಹೊರಗೂ ಅಲ್ಲದ ಒಳಗೂ ಅಲ್ಲದ ಜಾಗದಲ್ಲಿ ಸುಖವಾಗಿರುತ್ತಾನೆ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಜಗಲಿ ಎಂದರೆ ಇನ್ನೇನು?

ಇವೆಲ್ಲ ಶಾಶ್ವತವೆಂದು ತಿಳಿಯಬಾರದು. ಅಹಮದಾಬಾದಿನ ನಿರ್ವಹಣಾ ಸಂಸ್ಥೆಯಲ್ಲಿ ಲೂಯಿ ಕಾನ್ ಇಟ್ಟಿಗೆಯಲ್ಲಿ ಕಟ್ಟಿದ ವಿದ್ಯಾರ್ಥಿನಿಲಯಗಳು ಹದಿನೆಂಟು. ಅವುಗಳಲ್ಲಿ ಹದಿನಾಲ್ಕನ್ನು ಕೆಡವುವ ಪ್ರಕಟಣೆ 2020ರ ಡಿಸೆಂಬರಿನಲ್ಲಿ ಹೊರಟಿತು. ಲೋಕದ ನಾನಾ ಕಡೆಯಿಂದ ಪ್ರತಿಭಟನೆ ಬಂದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. 2022ರಲ್ಲಿ ಮತ್ತೆ ಅದೇ ಮಾತು ಎದ್ದಿತು. ಇಟ್ಟಿಗೆಯ ಗುಣಮಟ್ಟ, ಸೋರಿಕೆ, 2001ರ ಭೂಕಂಪದ ಬಿರುಕು, ಇವು ಸುಳ್ಳಲ್ಲ. ಕೆಡವುವವರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ. ನಾನೂ ಒಮ್ಮೆ ಕೆಡವಿದವನೇ. ಗೋಡೆ ಕಟ್ಟಿದರೆ ಸಾಲದು, ಅದನ್ನು ವರ್ಷವರ್ಷವೂ ನೋಡಿಕೊಳ್ಳಬೇಕು. ಸಾಲೋಟಗಿಯ ದೀಪದ ನೆಲ ಈ ಕಾರಣಕ್ಕೇ ನನಗೆ ದೊಡ್ಡದಾಗಿ ಕಾಣುತ್ತದೆ: ಕಟ್ಟಿಸಿದ್ದರ ಜೊತೆಗೆ ನಡೆಸುವುದಕ್ಕೂ ಅಲ್ಲಿ ಲೆಕ್ಕವಿತ್ತು.

ಲೆಕ್ಕವೆಂದೆ. ನಿವೃತ್ತಿಯ ಬಿಡುವಿನಲ್ಲಿ ಒಂದು ಲೆಕ್ಕ ಮಾಡಿ ನೋಡಿದೆ. ಹತ್ತು ಸಾವಿರ ಚದರಡಿಯ ತಾರಸಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ. ಅದರ ಮೇಲೆ ಬೀಳುವ ನೀರು ಸುಮಾರು ಐದೂವರೆ ಲಕ್ಷ ಲೀಟರು. ಹತ್ತರಲ್ಲೊಂದು ಪಾಲು ಆವಿಯಾಗಿಯೋ ಸೋರಿಯೋ ಹೋಯಿತೆನ್ನೋಣ. ಉಳಿದದ್ದು ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಎಂಬತ್ತಕ್ಕೂ ಮೇಲೆ. ಅಷ್ಟು ನೀರು ನಮ್ಮ ತಾರಸಿಯಿಂದ ಇಳಿದು, ಸಿಮೆಂಟು ಬಳಿದ ಅಂಗಳದ ಮೇಲೆ ಹರಿದು, ಚರಂಡಿ ಸೇರಿ ಹೋಗುತ್ತಿತ್ತು. ಅದು ಇಳಿಯಬಹುದಾಗಿದ್ದ ಬಾವಿಯನ್ನು ನಾವೇ ಮುಚ್ಚಿದ್ದೆವು. ನೀರು ಮುನಿಸಿಕೊಳ್ಳುತ್ತದೆ ಎಂದವನ ಮಾತಿಗೆ ನಕ್ಕದ್ದನ್ನು ನೆನೆದಾಗ ಇಂದಿಗೂ ಮುಖ ಬಿಸಿಯಾಗುತ್ತದೆ. ಆತನಿಗೆ ಇದನ್ನು ಹೇಳಬೇಕೆಂದು ಹುಡುಕಿಕೊಂಡು ಹೋದೆ. ತೀರಿಕೊಂಡು ಎರಡು ವರ್ಷವಾಗಿತ್ತು.

ಮೊನ್ನೆ ಆ ಕಾಲೇಜಿನಿಂದ ಒಂದು ದಪ್ಪ ಲಕೋಟೆ ಬಂದಿತು. ಈಗಿನ ಪ್ರಾಂಶುಪಾಲರು ನನ್ನ ಶಿಷ್ಯರು, ಮೂರು ಗಂಟೆಯ ತರಗತಿಯಲ್ಲಿ ನಿದ್ರಿಸುತ್ತಿದ್ದವರಲ್ಲಿ ಒಬ್ಬರು. ಹಿಂಬದಿಯ ಜಾಗದಲ್ಲಿ ವಿದ್ಯಾರ್ಥಿನಿಯರ ನಿಲಯ ಕಟ್ಟಿಸುವವರಿದ್ದಾರೆ. ಹಳೆಯ ಮೇಷ್ಟ್ರಾದ ತಮ್ಮ ಆಶೀರ್ವಾದವಿರಲಿ, ಅಭಿಪ್ರಾಯವಿದ್ದರೂ ತಿಳಿಸಿ ಎಂದು ವಿನಯದಿಂದ ಬರೆದು ನಕ್ಷೆಯನ್ನು ಜೊತೆಗಿಟ್ಟಿದ್ದರು. ಕನ್ನಡಕ ಒರೆಸಿಕೊಂಡು ನೋಡಿದೆ. ಕೊಠಡಿಗಳ ಎಣಿಕೆ ಸರಿಯಾಗಿದೆ. ಆ ಜಾಗದಲ್ಲಿ ನಾನು ಬಲ್ಲ ಎರಡು ಹುಣಸೆ, ಒಂದು ಅರಳಿ ಇವೆ. ನಕ್ಷೆಯಲ್ಲಿ ಅವುಗಳ ಸುಳಿವಿಲ್ಲ. ಮಳೆನೀರು ಯಾವ ಕಡೆಗೆ ಇಳಿಯುತ್ತದೆಂಬ ಗುರುತಿಲ್ಲ. ಹಾಳೆಯನ್ನು ಅತ್ತ ಇತ್ತ ತಿರುಗಿಸಿದೆ. ಉತ್ತರ ದಿಕ್ಕನ್ನು ತೋರುವ ಬಾಣವೂ ಇರಲಿಲ್ಲ. ಸೀಸದಕಡ್ಡಿಯಿಂದ ಮೂರು ಮರಗಳನ್ನು ಅವು ಇರುವ ಜಾಗದಲ್ಲಿ ದುಂಡಗೆ ಬರೆದು, ಮುಚ್ಚಿದ ಬಾವಿಯ ಸ್ಥಳಕ್ಕೆ ಒಂದು ಚುಕ್ಕೆಯಿಟ್ಟು, ಮೂಲೆಯಲ್ಲಿ "ಉತ್ತರ ಎಲ್ಲಿ?" ಎಂದು ಕೇಳಿ ಮರುಟಪಾಲಿನಲ್ಲಿ ಕಳಿಸಿದ್ದೇನೆ.

ಮೂರು ವಾರವಾಯಿತು. ಉತ್ತರ ಇನ್ನೂ ಬಂದಿಲ್ಲ.